ಅಕ್ವಾಲಂಗ್‌ನ ಸಣ್ಣ ಹಾಡುಗಳು

ರಾಕ್ ಸಂಗೀತದ ಹುಚ್ಚಿರುವ ನಾಲ್ಕು ಜನ ಕೂಡಿದರೆ ಒಂದು ಮಾತು ಬಂದೇ ಬರುತ್ತದೆ: ಜೆಥ್ರೊ ಟಲ್ ತಂಡದ 'ಅಕ್ವಾಲಂಗ್' ಅದ್ಭುತವಾದ ಆಲ್ಬಂ, ಆದರೆ ರೆಕಾರ್ಡಿಂಗ್ ಮಾತ್ರ ಅಧ್ವಾನ. 1971ರ ಮಾರ್ಚ್‌ನಲ್ಲಿ ಬಂದ ಈ ಆಲ್ಬಂ ಇಲ್ಲಿಯವರೆಗೆ 70 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗಿದೆ ಅನ್ನುತ್ತಾರೆ. ಅಂದಮೇಲೆ ಅಷ್ಟೂ ಜನ ಆ ಅಧ್ವಾನವನ್ನೇ ದುಡ್ಡು ಕೊಟ್ಟು ತಂದು, ಅದನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ. ನಾನೂ ಅವರಲ್ಲೊಬ್ಬ. ನಾನು ದುಡ್ಡು ಕೊಟ್ಟದ್ದು ಮಾತ್ರ ಆ ತಂಡಕ್ಕಲ್ಲ, ಬೆಂಗಳೂರಿನಲ್ಲಿ ಕ್ಯಾಸೆಟ್ ತುಂಬಿಸಿಕೊಡುತ್ತಿದ್ದ ಅಂಗಡಿಯವನಿಗೆ.

ಎಂಬತ್ತರ ದಶಕದಲ್ಲಿ ನಮ್ಮಂಥ ಹಾಸ್ಟೆಲ್ ಹುಡುಗರಿಗೆ ಇಂಗ್ಲಿಷ್ ಸಂಗೀತ ಸಿಗುತ್ತಿದ್ದ ದಾರಿ ಅದೊಂದೇ. ಖಾಲಿ ಕ್ಯಾಸೆಟ್ ಕೊಟ್ಟು, ಪಟ್ಟಿ ಬರೆದುಕೊಟ್ಟು ಬಂದರೆ ವಾರದೊಳಗೆ ತುಂಬಿಸಿ ಇಟ್ಟಿರುತ್ತಿದ್ದ. 'ಅಕ್ವಾಲಂಗ್' ಹೆಚ್ಚುಕಡಿಮೆ 43 ನಿಮಿಷದ್ದು. ತೊಂಬತ್ತು ನಿಮಿಷದ ಟಿಡಿಕೆ ಕ್ಯಾಸೆಟ್ಟಿನ ಒಂದೇ ಮಗ್ಗುಲಿಗೆ ಸರಿಹೋಗುತ್ತಿತ್ತು. ಇನ್ನೊಂದು ಮಗ್ಗುಲಿಗೆ ನನ್ನ ರೂಮ್‌ಮೇಟ್ ಭಾವಗೀತೆ ತುಂಬಿಸಿಕೊಂಡಿದ್ದ, ಕ್ಯಾಸೆಟ್ಟಿನ ಖರ್ಚು ಇಬ್ಬರಿಗೂ ಪಾಲು. ಹೀಗಾಗಿ ಎಲ್‌ಪಿ ಕೊಂಡವರಿಗೆ ಗೊತ್ತಿದ್ದ ಎರಡು ವಿಷಯ ನನಗೆ ಎಷ್ಟೋ ವರ್ಷ ಸಿಗಲೇ ಇಲ್ಲ. ಒಂದು, ಅದರ ಮುಖಪುಟ. ಇನ್ನೊಂದು, ಎಲ್‌ಪಿಯ ಎರಡು ಮಗ್ಗುಲಿಗೂ ಬೇರೆ ಬೇರೆ ಹೆಸರಿವೆ ಅನ್ನುವುದು: ಮೊದಲನೆಯದು 'ಅಕ್ವಾಲಂಗ್', ಅಂದರೆ ಶೀರ್ಷಿಕೆ ಗೀತೆಯ ಭಿಕಾರಿ, ಎರಡನೆಯದು 'ಮೈ ಗಾಡ್'. ನಮ್ಮ ಕ್ಯಾಸೆಟ್ಟಿನಲ್ಲಿ ಭಿಕಾರಿಯೂ ದೇವರೂ ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತಿದ್ದರು.

ರೂಮ್‌ಮೇಟ್ ರಾಣೆಬೆನ್ನೂರಿನ ಕಡೆಯ ರೈತರ ಮನೆ ಹುಡುಗ. ಜೆಥ್ರೊ ಟಲ್ ಅನ್ನುವುದು ತಂಡದಲ್ಲಿ ಯಾರ ಹೆಸರೂ ಅಲ್ಲ, ಹದಿನೆಂಟನೇ ಶತಮಾನದ ಶುರುವಿನಲ್ಲಿ ಕುದುರೆ ಎಳೆಯುವ ಕೂರಿಗೆಯನ್ನು ಮಾಡಿದ ಇಂಗ್ಲಿಷ್ ಬೇಸಾಯಗಾರನ ಹೆಸರು ಅಂತ ನಾನು ದೊಡ್ಡ ತಿಳಿವಳಿಕೆಯವನ ಹಾಗೆ ಹೇಳಿದೆ. ಅವನು ನಗಾಡಿದ: "ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಹೊಲದಾಗ ಕೂರಿಗಿ ಹೊಡೀತಾರಲೇ. ಇಂವಾ ಏನ್ ಹೊಸಾದು ಕಂಡುಹಿಡದಾ?" ಅವನ ಮಾತಿಗೆ ಎದುರಾಡುವಂತಿರಲಿಲ್ಲ. ಹೆಸರು ಕೊಟ್ಟದ್ದು ತಂಡದ ಬುಕಿಂಗ್ ಏಜೆಂಟರ ಕಚೇರಿಯವರು. ವಿಚಿತ್ರವೆಂದರೆ ತಂಡದ ಯಜಮಾನ ಇಯಾನ್ ಆಂಡರ್ಸನ್ ಮುಂದೆ ಸ್ಕಾಟ್ಲೆಂಡಿನಲ್ಲಿ ಜಮೀನು ಕೊಂಡು, ಸಾಲ್ಮನ್ ಮೀನು ಸಾಕಿ, ನಿಜವಾಗಿಯೂ ಕೃಷಿಕನೇ ಆದ.

ಈಗ ಆ ಅಧ್ವಾನದ ಕತೆಗೆ ಬರೋಣ. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಬೇಸಿಂಗ್ ಸ್ಟ್ರೀಟ್ ಅಂತ ಒಂದು ರಸ್ತೆ. ಅಲ್ಲಿದ್ದ ಹಳೆಯ ಚರ್ಚೊಂದನ್ನು ಐಲೆಂಡ್ ರೆಕಾರ್ಡ್ಸ್‌ನವರು ಕೊಂಡು ಸ್ಟುಡಿಯೊ ಮಾಡಿದ್ದರು. ಮುಂದೆ ಬಾಬ್ ಮಾರ್ಲಿಯ 'ಎಕ್ಸೊಡಸ್'ಗೆ, 1984ರಲ್ಲಿ ಇಥಿಯೋಪಿಯಾದ ಬರಕ್ಕೆಂದು ಮಾಡಿದ ಬ್ಯಾಂಡ್ ಏಡ್ ಹಾಡಿಗೆ ಹೆಸರಾದ ಕಟ್ಟಡ ಅದು. ಆದರೆ 1970ರ ಚಳಿಗಾಲದಲ್ಲಿ ಟಲ್ ತಂಡ ಅಲ್ಲಿಗೆ ಹೋದಾಗ ಸ್ಟುಡಿಯೊ ಇನ್ನೂ ಹೊಚ್ಚ ಹೊಸದು, ಯಂತ್ರಗಳು ಹದಕ್ಕೆ ಬಂದಿರಲಿಲ್ಲ. ಇವರ ಪಾಲಿಗೆ ಬಂದದ್ದು ಮೇಲಿನ ದೊಡ್ಡ ಕೋಣೆ, ಅಂದರೆ ಪ್ರಾರ್ಥನೆ ನಡೆಯುತ್ತಿದ್ದ ಹಜಾರ. ಎತ್ತರದ ಚಾವಣಿ, ಥಂಡಿ, ಯಾವ ಮೂಲೆಯಲ್ಲಿ ನುಡಿಸಿದರೂ ಮಾರ್ದನಿ. ಒಬ್ಬರು ನುಡಿಸಿದ್ದು ಇನ್ನೊಬ್ಬರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದೇ ಹೊತ್ತಿಗೆ ಕೆಳಗಿನ ಚಿಕ್ಕ ಕೋಣೆಯಲ್ಲಿ ಲೆಡ್ ಜೆಪ್ಪೆಲಿನ್ ತಂಡ ತನ್ನ ನಾಲ್ಕನೇ ಆಲ್ಬಂನ ಕೆಲಸ ಮಾಡುತ್ತಿತ್ತು. ಆ ಕೋಣೆಯಲ್ಲಿ ನಾದ ಚೆನ್ನಾಗಿತ್ತು ಅಂತ ಆಂಡರ್ಸನ್ ಈಗಲೂ ಕರುಬುತ್ತಾನೆ. ಚರ್ಚಿನಲ್ಲೇ ಕೂತು ಚರ್ಚನ್ನು ಬೈಯುವ ಹಾಡುಗಳನ್ನು ಹಾಡಿದ್ದಕ್ಕೆ ಆ ಗೋಡೆಗಳು ತೀರಿಸಿಕೊಂಡ ಸೇಡು ಇದು ಅಂತ ನನಗೆ ತಮಾಷೆಯಾಗಿ ಅನ್ನಿಸುವುದುಂಟು.

ಅಲ್ಲಿ ನಡೆದ ಒಂದು ಪ್ರಸಂಗವನ್ನು ಗಿಟಾರ್ ವಾದಕ ಮಾರ್ಟಿನ್ ಬಾರ್ ಹೋದಲ್ಲೆಲ್ಲ ಹೇಳಿದ್ದಾನೆ. ಶೀರ್ಷಿಕೆ ಗೀತೆಯ ನಡುವಿನ ಸೋಲೋವನ್ನು ಅವನು ನುಡಿಸುತ್ತಿದ್ದ ಹೊತ್ತಿಗೆ, ಕಂಟ್ರೋಲ್ ರೂಮಿನ ಗಾಜಿನಾಚೆ ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ಬಂದು ನಿಂತು ಖುಷಿಯಿಂದ ಕೈಬೀಸಿದನಂತೆ. ವಾಪಸು ಕೈಬೀಸಿದರೆ ಸೋಲೋ ಹಾಳಾಗುತ್ತದೆ. ಅವನು ಮುಗುಳ್ನಕ್ಕು ನುಡಿಸುತ್ತಲೇ ಹೋದ. ಆ ಟೇಕೇ ಆಲ್ಬಂನಲ್ಲಿ ಉಳಿಯಿತು. ಐವತ್ತು ವರ್ಷ ಕಳೆದರೂ ಗಿಟಾರ್ ಕಲಿಯುವ ಹುಡುಗರು ಅದನ್ನು ನೋಟಿಗೆ ನೋಟು ಉರುಹೊಡೆಯುತ್ತಾರೆ.

ನಮ್ಮ ಟೂ-ಇನ್-ಒನ್‌ನಲ್ಲಿ ಇದೆಲ್ಲ ಹೇಗೆ ಕೇಳಿಸುತ್ತಿತ್ತು? ಗಿಟಾರಿನ ಆ ಆರು ಸ್ವರಗಳ ಮೊದಲ ಏಟು ಸ್ಪೀಕರನ್ನು ಒಡೆದುಕೊಂಡು ಬರುತ್ತಿತ್ತು. ಅದರ ಹಿಂದಿದ್ದ ಡ್ರಮ್ಮು, ಬೇಸು, ಪಿಯಾನೊ ಎಲ್ಲ ಒಂದೇ ಮುದ್ದೆ. ಜೋರಾದ ಹಾಡುಗಳಿಗೆ ಆ ಮುದ್ದೆ ಒಪ್ಪುತ್ತಿತ್ತು, ಬೇಕು ಅಂತಲೇ ಹಾಗೆ ಮಾಡಿದ್ದಾರೇನೋ ಅನ್ನುವಷ್ಟು. ಸಣ್ಣ ಹಾಡುಗಳು ಬಂದಾಗ ಮಾತ್ರ ಟೇಪಿನ ಸುಯ್‌ಗುಟ್ಟುವಿಕೆ ಮೇಲೆದ್ದು ಕೂರುತ್ತಿತ್ತು. 'ಚೀಪ್ ಡೇ ರಿಟರ್ನ್', 'ವಂಡರಿಂಗ್ ಅಲೌಡ್', 'ಸ್ಲಿಪ್‌ಸ್ಟ್ರೀಮ್' ಮೂರೂ ಸೇರಿಸಿದರೆ ಐದು ನಿಮಿಷವೂ ಇಲ್ಲ. ಅವು ಬಂದಾಗ ನಾವು ಚಹಾಕ್ಕೆ ನೀರಿಡಲು ಏಳುತ್ತಿದ್ದೆವು, ಇಲ್ಲವೇ ಫಾಸ್ಟ್ ಫಾರ್ವರ್ಡ್ ಒತ್ತುತ್ತಿದ್ದೆವು. ನಮಗೆ ಬೇಕಾದದ್ದು 'ಅಕ್ವಾಲಂಗ್', 'ಕ್ರಾಸ್-ಐಡ್ ಮೇರಿ', 'ಲೋಕೊಮೋಟಿವ್ ಬ್ರೆತ್', ಅಷ್ಟೇ.

ಕೊಳಲಿನ ವಿಷಯಕ್ಕೂ ಒಂದು ಮಾತು. ಹಾಸ್ಟೆಲಿನ ಪಕ್ಕದ ಬೀದಿಯಲ್ಲಿ ಕೊಳಲು ಹೇಳಿಕೊಡುವ ಹಿರಿಯರೊಬ್ಬರಿದ್ದರು. ಒಂದು ಸಂಜೆ 'ಮೈ ಗಾಡ್' ಹಾಡಿನ ಕೊಳಲ ಭಾಗ ಕೇಳಿಸಿದೆ. ಉಗುಳು, ಗೊರಕೆ, ಗುನುಗು ಎಲ್ಲ ಸೇರಿಕೊಂಡ ಆ ವಾದನವನ್ನು ಕೊನೆಯವರೆಗೂ ಕೇಳಿ, "ಇವನು ಊದ್ತಿದಾನೋ, ಕೊಳಲಿಗೆ ಬೈತಿದಾನೋ ಮಾರಾಯ?" ಅಂದರು. ಆಮೇಲೆ, "ಆದ್ರೆ ಉಸಿರಿದೆ ಕಣಯ್ಯ" ಅಂತಲೂ ಸೇರಿಸಿದರು. ಆಂಡರ್ಸನ್‌ಗೆ ಗುರು ಇರಲಿಲ್ಲ. ಎರಿಕ್ ಕ್ಲಾಪ್ಟನ್‌ನ ಮಟ್ಟಕ್ಕೆ ಗಿಟಾರ್ ನುಡಿಸುವುದು ತನ್ನಿಂದ ಆಗದ ಮಾತು ಅನ್ನಿಸಿ, 1967ರಲ್ಲಿ ತನ್ನ ಎಲೆಕ್ಟ್ರಿಕ್ ಗಿಟಾರನ್ನು ಕೊಟ್ಟು ಕೊಳಲು ತಂದುಕೊಂಡವನು. ಹಾಡುತ್ತಲೇ ಊದುವ ರೀತಿಗೆ ಜಾಝ್ ವಾದಕ ರೋಲಂಡ್ ಕರ್ಕ್ ಅವನಿಗೆ ಮಾದರಿ. ಎಷ್ಟೋ ವರ್ಷದ ಮೇಲೆ ಮಗಳು ಶಾಲೆಯಲ್ಲಿ ಕೊಳಲು ಕಲಿಯತೊಡಗಿದಾಗ, ತಾನು ಬೆರಳಿಡುತ್ತಿದ್ದ ಕ್ರಮವೇ ಸರಿಯಿಲ್ಲ ಅಂತ ಗೊತ್ತಾಗಿ, ಮೊದಲಿಂದ ಕಲಿತನಂತೆ. ಇನ್ನೊಂದು ತಮಾಷೆ ಇದೆ. ಕೊಳಲಿಗೆ ಹೆಸರಾದ ಈ ತಂಡದ ಅತ್ಯಂತ ಪ್ರಸಿದ್ಧ ಹಾಡು 'ಅಕ್ವಾಲಂಗ್'ನಲ್ಲಿ ಕೊಳಲೇ ಇಲ್ಲ.

ತೊಂಬತ್ತರ ದಶಕದಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಆಲ್ಬಂನ 25ನೇ ವರ್ಷದ ಸಿಡಿ ಕೊಂಡೆ. 1996ರ ರೀಮಾಸ್ಟರ್. ಮುಖಪುಟವನ್ನು ಕೈಯಲ್ಲಿ ಹಿಡಿದು ನೋಡಿದ್ದು ಆಗಲೇ: ಹರಕು ಕೋಟಿನೊಳಗೆ ಕೈ ತೂರಿಸಿ ದುರುಗುಟ್ಟುವ ಭಿಕಾರಿಯ ಜಲವರ್ಣ ಚಿತ್ರ. ಬರೆದವನು ಬರ್ಟನ್ ಸಿಲ್ವರ್‌ಮನ್ ಅನ್ನುವ ಅಮೆರಿಕನ್ ಕಲಾವಿದ. ಅವನಿಗೆ ಸಿಕ್ಕಿದ್ದು ಒಂದೇ ಗಂಟು, 1,500 ಡಾಲರ್. ಆಂಡರ್ಸನ್‌ಗೆ ಆ ಚಿತ್ರ ಹಿಡಿಸಲಿಲ್ಲ, ಭಿಕಾರಿಯ ಮುಖ ತನ್ನ ಮುಖದ ಹಾಗೇ ಇದೆ ಅನ್ನುವುದು ಅವನ ತಕರಾರು. ಹಾಡಿಗೆ ಮೂಲ ಬೇರೆಯೇ ಇತ್ತು. ಆಗಿನ ಅವನ ಹೆಂಡತಿ ಜೆನ್ನಿ ಫೋಟೊಗ್ರಫಿ ಕಲಿಯುತ್ತಿದ್ದಳು, ಥೇಮ್ಸ್ ದಂಡೆಯಲ್ಲಿ ಮಲಗುವ ನಿರಾಶ್ರಿತರ ಚಿತ್ರ ತೆಗೆದು ತಂದಿದ್ದಳು. ಆ ಫೋಟೊಗಳನ್ನು ನೋಡುತ್ತಾ ಇಬ್ಬರೂ ಸೇರಿ ಸಾಲು ಕಟ್ಟಿದರು. ಹಾಡಿನ ಕರ್ತೃಗಳಲ್ಲಿ ಅವಳ ಹೆಸರೂ ಇದೆ.

ಸಿಡಿಯಲ್ಲಿ ಸುಯ್‌ಗುಟ್ಟುವಿಕೆ ಕಮ್ಮಿಯಾಗಿತ್ತು, ಸಿಂಬಲ್ ಚುರುಕಾಗಿತ್ತು, ಮುದ್ದೆ ಮಾತ್ರ ಮುದ್ದೆಯಾಗೇ ಇತ್ತು. ಇದಕ್ಕೆ ಕಾರಣವಿದೆ. ರೀಮಾಸ್ಟರ್, ರೀಮಿಕ್ಸ್ ಎರಡನ್ನೂ ಒಂದೇ ಅಂತ ತಿಳಿಯುವವರು ಬಹಳ. ಸ್ಟುಡಿಯೊದಲ್ಲಿ ಒಂದೊಂದು ವಾದ್ಯ, ಒಂದೊಂದು ದನಿ ಮಲ್ಟಿಟ್ರ್ಯಾಕ್ ಟೇಪಿನ ಬೇರೆ ಬೇರೆ ಪಟ್ಟಿಗಳ ಮೇಲೆ ಕೂರುತ್ತದೆ. ಅವನ್ನೆಲ್ಲ ಹದ ನೋಡಿ ಬೆರೆಸಿ ಎಡ-ಬಲ ಎರಡೇ ಪಟ್ಟಿಗೆ ಇಳಿಸುವುದು ಮಿಕ್ಸಿಂಗ್. ಹಾಗೆ ಬೆರೆತು ಮುಗಿದದ್ದನ್ನು ಎಲ್‌ಪಿಗೋ ಸಿಡಿಗೋ ಹೊಂದುವ ಹಾಗೆ ತಿದ್ದುವುದು ಮಾಸ್ಟರಿಂಗ್. ರೀಮಾಸ್ಟರ್ ಅಂದರೆ ಕುದ್ದಿಳಿದ ಸಾರಿಗೆ ಉಪ್ಪು-ಹುಳಿ ಸರಿಮಾಡುವ ಕೆಲಸ. ಬೇಳೆ ಸೀದಿದ್ದರೆ ಅದರಿಂದ ಏನೂ ಆಗದು. ರೀಮಿಕ್ಸ್ ಅಂದರೆ ಅದೇ ಬೇಳೆ, ಅದೇ ತರಕಾರಿ ಇಟ್ಟುಕೊಂಡು ಒಲೆ ಹೊತ್ತಿಸುವುದರಿಂದಲೇ ಶುರುಮಾಡುವುದು.

2011ರಲ್ಲಿ, ಆಲ್ಬಂಗೆ ನಲವತ್ತು ತುಂಬಿದಾಗ, ಆ ಕೆಲಸ ಸ್ಟೀವನ್ ವಿಲ್ಸನ್ ಕೈಗೆ ಬಂತು. ಪೋರ್ಕ್ಯುಪೈನ್ ಟ್ರೀ ತಂಡದ ಮುಖ್ಯಸ್ಥ, 'ಅಕ್ವಾಲಂಗ್' ಬಂದಾಗ ಮೂರು ವರ್ಷದ ಮಗು. ಅದಕ್ಕೂ ಮುಂಚೆ ಕಿಂಗ್ ಕ್ರಿಮ್ಸನ್ ತಂಡದ ಹಳೆಯ ಆಲ್ಬಂಗಳನ್ನು ರೀಮಿಕ್ಸ್ ಮಾಡಿ ಹೆಸರು ಗಳಿಸಿದ್ದ. ಅವನ ಪದ್ಧತಿ ನನಗೆ ಹಿಡಿಸುತ್ತದೆ. ಹಳೆಯ ಮಿಕ್ಸನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ವಾದ್ಯ ಎಡಕ್ಕೆ, ಯಾವುದು ಬಲಕ್ಕೆ, ಎಲ್ಲಿ ಎಷ್ಟು ಮಾರ್ದನಿ ಅಂತ ನೋಡಿ ಮೊದಲು ಅದನ್ನೇ ಹಾಗ್ಹಾಗೇ ಕಟ್ಟುತ್ತಾನೆ. ಆಮೇಲೆ ಮಸಕು ಎಲ್ಲಿದೆಯೋ ಅಷ್ಟನ್ನೇ ಬಿಡಿಸುತ್ತಾನೆ. ಹೊಸ ಕಾಲದ ಡ್ರಮ್ ಸದ್ದು, ಹೊಸ ಮೆರುಗು ಏನನ್ನೂ ತುರುಕುವುದಿಲ್ಲ.

ಅಕ್ಕನ ಮಗ ಅಮೆರಿಕದಿಂದ ಬರುವಾಗ ಆ ಹೊಸ ಪ್ರತಿ ತಂದುಕೊಟ್ಟ. "ಮಾಮ, ಇದನ್ನ ಹೆಡ್‌ಫೋನ್ ಹಾಕ್ಕೊಂಡೇ ಕೇಳ್ಬೇಕು" ಅಂತ ಆಜ್ಞೆ ಬೇರೆ. ಕೇಳಿದೆ. ಮೊದಲ ಗಿಟಾರ್ ಏಟು ಬಂತು, ಚೆನ್ನಾಗಿತ್ತು, ಅಷ್ಟೇ. ಅದು ಮೊದಲೂ ಚೆನ್ನಾಗಿಯೇ ಇತ್ತು. ನಾನು ಎದ್ದು ಕೂತದ್ದು ಮೂರನೇ ಹಾಡಿಗೆ.

'ಚೀಪ್ ಡೇ ರಿಟರ್ನ್' ಅಂದರೆ ಅದೇ ದಿನ ಹೋಗಿ ಬರಲು ಕೊಡುತ್ತಿದ್ದ ಅಗ್ಗದ ರೈಲು ಟಿಕೆಟ್ಟು. ಆಂಡರ್ಸನ್‌ನ ತಂದೆ ಬ್ಲ್ಯಾಕ್‌ಪೂಲ್‌ನ ಆಸ್ಪತ್ರೆಯಲ್ಲಿದ್ದರು. ನೋಡಿಕೊಂಡು ವಾಪಸು ಬರುವಾಗ ಪ್ರೆಸ್ಟನ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಮಗನಿಗೆ ಅನುಮಾನ: ತಾನು ಹೆಸರುವಾಸಿ ಅಂತ ತನಗೆ ಉಪಚಾರ ಮಾಡಿದ ನರ್ಸು, ಮುದುಕನನ್ನು ಹಾಗೇ ನೋಡಿಕೊಳ್ಳುತ್ತಾಳೋ ಇಲ್ಲವೋ. ಹಾಡಿನಲ್ಲಿ ಇಷ್ಟೇ ಇರುವುದು, ಒಂದೂಕಾಲು ನಿಮಿಷದ ಆಸುಪಾಸು. ಹೊಸ ಮಿಕ್ಸಿನಲ್ಲಿ ತಂತಿಯ ಮೇಲೆ ಬೆರಳು ಜಾರುವ ಕಿರ್ರೆನ್ನುವ ಸದ್ದು, ಹಾಡುವ ಮುಂಚೆ ಎಳೆದುಕೊಳ್ಳುವ ಉಸಿರು ಎರಡೂ ಕೇಳಿಸಿದವು. ಇಪ್ಪತ್ಮೂರು ವರ್ಷದ ಹುಡುಗ ಕಿವಿಯ ಪಕ್ಕ ಕೂತು ಹಾಡಿದ ಹಾಗಿತ್ತು.

ಅಷ್ಟು ಹೊತ್ತಿಗೆ ನಾನೂ ಬೀರೂರು ಜಂಕ್ಷನ್ನಿನಲ್ಲಿ ಹಾಗೆ ನಿಂತು ಬಂದವನು. ಅಪ್ಪ ಶಿವಮೊಗ್ಗದಲ್ಲಿ ಒಂದು ಆಸ್ಪತ್ರೆಯಲ್ಲಿದ್ದರು. ಶನಿವಾರ ಹೋಗಿ ಭಾನುವಾರ ರಾತ್ರಿ ಬೆಂಗಳೂರಿಗೆ ಮರಳುತ್ತಿದ್ದೆ. ವಾರ್ಡಿನ ಸಿಸ್ಟರು ನನ್ನ ಹತ್ತಿರ ನಗುನಗುತ್ತಾ ಮಾತಾಡುತ್ತಿದ್ದರು. ನಾನು ಮೆಟ್ಟಿಲಿಳಿದ ಮೇಲೆ ಅಪ್ಪನ ಬೆಡ್‌ಪ್ಯಾನ್ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅನ್ನುವುದು ದಾರಿಯುದ್ದಕ್ಕೂ ತಲೆ ತಿನ್ನುತ್ತಿತ್ತು. ಅಪ್ಪನನ್ನು ಕೇಳಿದರೆ, "ಚೆನ್ನಾಗೇ ನೋಡ್ಕೊಳ್ತಾರೆ ಬಿಡೋ, ನೀನು ರಜ ಹಾಕ್ಬೇಡ" ಅನ್ನುವ ಒಂದೇ ಉತ್ತರ. ಹಾಸ್ಟೆಲಿನಲ್ಲಿ ಚಹಾಕ್ಕೆ ನೀರಿಡುವ ಹೊತ್ತಿಗೆ ಮುಗಿದುಹೋಗುತ್ತಿದ್ದ ಹಾಡು ಇದು. ಈಗ ಈ ಆಲ್ಬಂನಲ್ಲಿ ಮೊದಲು ಕೇಳುವುದೇ ಇದನ್ನು.

ಇದಾದ ಮೇಲೆ ಉಳಿದ ಸಣ್ಣ ಹಾಡುಗಳ ಕಡೆ ಗಮನ ಹರಿಯಿತು. 'ಮದರ್ ಗೂಸ್'ನಲ್ಲಿ ಎರಡು ರೆಕಾರ್ಡರ್‌ಗಳು, ಅಂದರೆ ಶಾಲಾ ಮಕ್ಕಳು ಊದುವ ಮರದ ಪೀಪಿಗಳು, ಒಂದರ ಬೆನ್ನಿಗೊಂದು ಓಡುತ್ತವೆ. ಹಳೆಯ ಕ್ಯಾಸೆಟ್ಟಿನಲ್ಲಿ ಅವು ಎರಡು ಅಂತಲೇ ಗೊತ್ತಾಗುತ್ತಿರಲಿಲ್ಲ. 'ವಂಡರಿಂಗ್ ಅಲೌಡ್' ಬೆಳಗಿನ ಹೊತ್ತು, ಅಡುಗೆಮನೆ, ಜೊತೆಗಿರುವ ಹೆಣ್ಣು, ಇಷ್ಟರ ಬಗೆಗಿನ ಪ್ರೇಮಗೀತೆ. ಡೇವಿಡ್ ಪಾಮರ್ ಬರೆದ ಪಿಟೀಲುಗಳ ಭಾಗ ಅದರಲ್ಲಿ ಮೊದಲು ಒಂದು ಮಂದ ಗುಂಗಾಗಿತ್ತು, ಈಗ ಕಮಾನಿನ ಎಳೆತ ಬೇರೆಬೇರೆಯಾಗಿ ಕೇಳುತ್ತದೆ. ಪಿಯಾನೊದ ಜಾನ್ ಇವಾನ್ ಎಂಥ ಕಲಾವಿದ ಅನ್ನುವುದು ನನಗೆ ಗೊತ್ತಾದದ್ದು ಈ ಮಿಕ್ಸಿನಿಂದಲೇ. ಬೇಸ್ ನುಡಿಸಿದ ಜೆಫ್ರಿ ಹ್ಯಾಮಂಡ್ ಆಂಡರ್ಸನ್‌ನ ಶಾಲಾ ಗೆಳೆಯ, ಚಿತ್ರಕಲೆ ಕಲಿಯುತ್ತಿದ್ದವನು, ತಂಡಕ್ಕೆ ಆಗಷ್ಟೇ ಬಂದಿದ್ದ. 1975ರಲ್ಲಿ ಬೇಸ್ ಕೆಳಗಿಟ್ಟು ಚಿತ್ರ ಬರೆಯಲು ಹೋದವನು ಮತ್ತೆ ವಾದ್ಯದ ತಂಟೆಗೆ ಬರಲಿಲ್ಲ.

ದೊಡ್ಡ ಹಾಡುಗಳಿಗೂ ಲಾಭವಾಗಿದೆ. 'ಅಕ್ವಾಲಂಗ್' ಹಾಡಿನಲ್ಲಿ ಒಬ್ಬನೇ ಗಾಯಕ ಭಿಕಾರಿಯನ್ನು ಎರಡು ದೂರದಿಂದ ನೋಡುತ್ತಾನೆ. ಮೊದಲು ಜೋರುದನಿಯಲ್ಲಿ, ಪಾರ್ಕಿನ ಬೆಂಚಿನ ಮೇಲಿನ ಕೊಳಕನನ್ನು ಕಂಡು ಮೂಗು ಮುಚ್ಚಿಕೊಳ್ಳುವವನ ಹಾಗೆ. ಆಮೇಲೆ ಗಿಟಾರೊಂದನ್ನೇ ಹಿಡಿದು, ಹತ್ತಿರ ಹೋಗಿ ಮಾತಾಡಿಸುವವನ ಹಾಗೆ. ಆ ಎರಡನೆಯ ದನಿಯನ್ನು ಟೆಲಿಫೋನಿನಲ್ಲಿ ಬಂದಂತೆ ಸಣ್ಣಗೆ ಮಾಡಿದ್ದರು. ವಿಲ್ಸನ್ ಅದನ್ನು ಅಗಲ ಮಾಡಲು ಹೋಗಿಲ್ಲ, ಬುದ್ಧಿವಂತ. ಸುತ್ತಲಿನ ಗಿಟಾರ್ ತಿಳಿಯಾಗಿರುವುದರಿಂದ ಆ ಇಕ್ಕಟ್ಟಿನ ದನಿಯ ಒಂಟಿತನ ಹೆಚ್ಚಾಗಿದೆ. ಪುಟ್ಟ ಹುಡುಗಿಯರತ್ತ ಭಿಕಾರಿಯ ನೋಟ ಹರಿಯುವ ಸಾಲುಗಳು ಹಿಂದೆಯೂ ಇರಿಸುಮುರಿಸು ತರುತ್ತಿದ್ದವು, ಹೆಣ್ಣುಮಗಳ ಅಪ್ಪನಾದ ಮೇಲೆ ಇನ್ನೂ ಹೆಚ್ಚು. ಅಸಹ್ಯ ಹುಟ್ಟಿಸಿದವನ ಮೇಲೇ ಕರುಣೆಯನ್ನೂ ಕೇಳುವ ಹಾಡು ಅದು. ಸುಲಭಕ್ಕೆ ಕೊಡುವ ಕರುಣೆಯಲ್ಲ.

ಎರಡನೇ ಮಗ್ಗುಲಿನ 'ಮೈ ಗಾಡ್', 'ಹಿಮ್ 43', 'ವಿಂಡ್-ಅಪ್' ಹಾಡುಗಳು ದೇವರ ಮೇಲಲ್ಲ, ದೇವರನ್ನು ಕಟ್ಟಿಹಾಕಿಕೊಂಡವರ ಮೇಲಿನ ಸಿಟ್ಟು. 'ಮೈ ಗಾಡ್' ಆಲ್ಬಂಗಿಂತ ಹಳೆಯದು, 1970ರ ಆಗಸ್ಟ್‌ನ ಐಲ್ ಆಫ್ ವೈಟ್ ಉತ್ಸವದಲ್ಲೇ ಹಾಡಿದ್ದರು. ಅಮೆರಿಕದ ಕೆಲವು ಕಡೆ ಇವನ್ನು ಕೇಳಿ ಜನ ಕೆರಳಿದರು. ವಚನ ಓದಿಕೊಂಡು ಬೆಳೆದ ನಮಗೆ ಇದರಲ್ಲಿ ಬೆಚ್ಚಿಬೀಳುವಂಥದ್ದೇನೂ ಇರಲಿಲ್ಲ. ಗುಡಿಯವರ ಮೇಲೆ ಇದಕ್ಕಿಂತ ಖಾರವಾಗಿ, ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದವರನ್ನು ನಾವು ಶಾಲೆಯಲ್ಲೇ ಓದಿದ್ದೆವು. ಮಾತಿನ ಮಟ್ಟಿಗೆ ಆಲ್ಬಂನ ಈ ಭಾಗ ನನಗೆ ಈಗ ಸ್ವಲ್ಪ ಕಾಲೇಜು ಹುಡುಗನ ಆರ್ಭಟದ ಹಾಗೆ ಕೇಳುತ್ತದೆ. ಕೊಳಲು ಮಾತ್ರ ಹಾಗಲ್ಲ. ಮಾರ್ದನಿಸುವ ಆ ಹಜಾರ ಕೆಲಸಕ್ಕೆ ಬಂದದ್ದು ಅಲ್ಲಿ, ಚರ್ಚಿನ ಗಾಯನವನ್ನು ನೆನಪಿಸುವ ದನಿಗಳ ನಡುವೆ ಉಸಿರು ಕಚ್ಚಿಕೊಂಡು ಊದಿದಾಗ.

ಎಲ್ಲದಕ್ಕೂ ರೀಮಿಕ್ಸ್ ಒಳ್ಳೆಯದು ಅಂತ ನಾನು ಹೇಳಲಾರೆ. 'ಲೋಕೊಮೋಟಿವ್ ಬ್ರೆತ್' ಹುಟ್ಟಿದ ರೀತಿಯೇ ವಿಚಿತ್ರ. ಆಂಡರ್ಸನ್ ತಲೆಯಲ್ಲಿದ್ದ ರೈಲಿನ ಲಯ ತಂಡಕ್ಕೆ ಹತ್ತಲಿಲ್ಲ. ಕೊನೆಗೆ ಬೇಸ್ ಡ್ರಮ್ಮು, ಹೈ-ಹ್ಯಾಟ್ ಎರಡನ್ನೂ ತಾನೇ ಕೂತು ನುಡಿಸಿ ದಾಖಲಿಸಿದ. ಅದರ ಮೇಲೆ ಡ್ರಮ್ಮಿನ ಕ್ಲೈವ್ ಬಂಕರ್, ಉಳಿದವರು ಒಬ್ಬೊಬ್ಬರಾಗಿ ಬಂದು ಸೇರಿಸುತ್ತ ಹೋದರು. ಶುರುವಿನ ಪಿಯಾನೊ ಕೂಡ ಆಮೇಲೆ ಅಂಟಿಸಿದ್ದು. ಹಳೆಯ ಮಿಕ್ಸಿನ ಗೊಜ್ಜುತನ ಈ ಹೊಲಿಗೆಗಳನ್ನೆಲ್ಲ ಮುಚ್ಚಿತ್ತು. ಬ್ರೇಕಿಲ್ಲದ ರೈಲು ಮೈಮೇಲೆ ಬರುವ ಒತ್ತಡ ಅದರಲ್ಲಿತ್ತು. ಹೊಸದರಲ್ಲಿ ಬಿಡಿಭಾಗಗಳು ಬಿಡಿಯಾಗೇ ಕಾಣುತ್ತವೆ, ರೈಲು ಸ್ವಲ್ಪ ನಿಧಾನವಾದ ಹಾಗೆ. ವೇಗ ಅದೇ, ನನಗೆ ಗೊತ್ತು. ಆದರೂ ಈ ಒಂದು ಹಾಡಿಗೆ ನಾನು ಹಳೆಯ ಅಧ್ವಾನಕ್ಕೇ ವಾಪಸು ಹೋಗುತ್ತೇನೆ.

'ಅಕ್ವಾಲಂಗ್' ಒಂದೇ ಕತೆ ಹೇಳುವ ಕಾನ್ಸೆಪ್ಟ್ ಆಲ್ಬಂ ಅಂತ ವಿಮರ್ಶಕರು ಹಟ ಹಿಡಿದರು. ಅಲ್ಲ, ಬಿಡಿ ಹಾಡುಗಳ ಕಟ್ಟು ಅಂತ ಆಂಡರ್ಸನ್ ಹೇಳುತ್ತಲೇ ಬಂದ. ರೇಗಿಹೋಗಿ ಮರುವರ್ಷ 'ಥಿಕ್ ಆ್ಯಸ್ ಎ ಬ್ರಿಕ್' ಮಾಡಿದ: ಇಡೀ ಆಲ್ಬಂಗೆ ಒಂದೇ ಹಾಡು, ಹೊದಿಕೆಯಾಗಿ ಊರಿನ ಸುಳ್ಳು ಪತ್ರಿಕೆ. ತಮಾಷೆಗೆಂದು ಮಾಡಿದ ಅದು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಹೊಸ ಮಿಕ್ಸ್ ಕೇಳಿದ ಮೇಲೆ ನನ್ನ ಮತ ಆಂಡರ್ಸನ್ ಕಡೆಗೆ. ಕತೆಯೂ ಇಲ್ಲ, ತತ್ತ್ವವೂ ಇಲ್ಲ. ಇರುವುದು ಗಿಟಾರ್ ಹಿಡಿದ ಒಬ್ಬ ಹುಡುಗ, ಅವನ ಸುತ್ತ ಆಗಾಗ ಗುಡುಗುವ ಒಂದು ತಂಡ. ನಲವತ್ತು ವರ್ಷ ನಾವು ಗುಡುಗನ್ನಷ್ಟೇ ಕೇಳಿಸಿಕೊಂಡಿದ್ದೆವು.

ಆ ಹುಡುಗನ ದನಿ ಈಗಿಲ್ಲ. ಎಂಬತ್ತರ ದಶಕದ ನಡುವಿನಲ್ಲೇ ಅವನ ಗಂಟಲು ಕೆಟ್ಟಿತು. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇದೆ ಅಂತ 2020ರಲ್ಲಿ ಅವನೇ ಹೇಳಿಕೊಂಡ. ತಂಡ ಬೆಂಗಳೂರಿಗೂ ಬಂದು ನುಡಿಸಿದ್ದುಂಟು. ಆ ಹೊತ್ತಿಗಾಗಲೇ ಮೇಲಿನ ಸ್ವರಗಳನ್ನು ಅವನು ಕೊಳಲಿಗೆ ಒಪ್ಪಿಸಿಬಿಟ್ಟಿದ್ದ. ಹಾಗಾಗಿ ವಿಲ್ಸನ್ ಮಾಡಿದ ಕೆಲಸದ ಬೆಲೆ ನನಗೆ ಹೆಚ್ಚು ಅನ್ನಿಸುತ್ತದೆ.

ಕೇಳಬೇಕು ಅನ್ನುವವರಿಗೆ ಒಂದು ಕಿವಿಮಾತು. ಮೊಬೈಲಿನ ಆ್ಯಪ್‌ಗಳಲ್ಲಿ ಈ ಆಲ್ಬಂನ ಎರಡು ಮೂರು ಪ್ರತಿ ಸಿಗುತ್ತವೆ; 'ಸ್ಟೀವನ್ ವಿಲ್ಸನ್ ಮಿಕ್ಸ್' ಅಂತ ಬರೆದಿರುವುದನ್ನೇ ಆರಿಸಿಕೊಳ್ಳಿ. ಸಿಡಿ ಬೇಕಾದವರಿಗೆ 2016ರಲ್ಲಿ ಪುಸ್ತಕದ ಆಕಾರದಲ್ಲಿ ಬಂದ ಮರುಮುದ್ರಣವಿದೆ. ಶೀರ್ಷಿಕೆ ಗೀತೆಯಿಂದ ಶುರುಮಾಡಬೇಡಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಮೂರನೇ ಹಾಡು ಹಾಕಿ, ಆಮೇಲೆ ಐದನೆಯದು, ಆಮೇಲೆ ಒಂಬತ್ತನೆಯದು. ಒಟ್ಟು ಐದು ನಿಮಿಷವೂ ಹಿಡಿಯದು. ಅಷ್ಟು ಕೇಳಿಯೂ ಹಿಡಿಸದಿದ್ದರೆ ಉಳಿದದ್ದಕ್ಕೆ ಹೊತ್ತು ಹಾಳುಮಾಡಿಕೊಳ್ಳಬೇಡಿ.